ಒಂದು ಮಾರು ನೆಲ, 14 ರಜ್ಜು ಲೋಕ

ಬಸದಿಯ ಸ್ವಾಧ್ಯಾಯದಲ್ಲಿ ಕರಣಾನುಯೋಗದ ಗ್ರಂಥವನ್ನು ಕೈಗೆತ್ತಿಕೊಂಡಾಗಲೆಲ್ಲ ಒಂದು ಪ್ರಶ್ನೆ ಏಳದೆ ಇರುವುದಿಲ್ಲ. ಜಂಬೂದ್ವೀಪದ ವ್ಯಾಸ 1 ಲಕ್ಷ ಯೋಜನ ಎಂದು ಓದಿದೊಡನೆ ಹಿಂದಿನ ಸಾಲಿನಲ್ಲಿ ಕುಳಿತ ಕಾಲೇಜು ಹುಡುಗನೊಬ್ಬ, "ಅಂದರೆ ಎಷ್ಟು ಕಿಲೋಮೀಟರು?" ಎನ್ನುತ್ತಾನೆ. ಹಿರಿಯರಲ್ಲಿ ಒಬ್ಬರು ಯೋಜನಕ್ಕೆ 8 ಮೈಲಿ ಎನ್ನುತ್ತಾರೆ. ಇನ್ನೊಬ್ಬರು, ಇಲ್ಲ, 4000 ಮೈಲಿ ಎನ್ನುತ್ತಾರೆ. ಮೂರನೆಯವರು ಶಾಸ್ತ್ರದಲ್ಲಿ ಶಂಕೆ ಸಲ್ಲದೆಂದು ಹೇಳಿ ಪುಟ ತಿರುಗಿಸುತ್ತಾರೆ. ಹುಡುಗ ಮನೆಗೆ ಹೋಗುವಾಗ ಎರಡರಲ್ಲಿ ಒಂದು ತೀರ್ಮಾನಕ್ಕೆ ಬಂದಿರುತ್ತಾನೆ. ಇದೆಲ್ಲ ಕಟ್ಟುಕಥೆ ಎಂಬುದು ಒಂದು. ಇಂದಿನ ವಿಜ್ಞಾನವೆಲ್ಲ ಅಂದೇ ಬರೆದಿಟ್ಟಿತ್ತು ಎಂಬುದು ಇನ್ನೊಂದು. ಈ ಎರಡೂ ಓದದೆಯೇ ಮುಟ್ಟಿದ ತೀರ್ಮಾನಗಳು.

ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಅಳತೆಯನ್ನು ಹೇಳಿದ ಮೇಲೆ ಅದನ್ನು ತನಗೆ ತಿಳಿದ ಅಳತೆಗೆ ತಂದುಕೊಳ್ಳುವುದು ಬುದ್ಧಿಯ ಸಹಜ ಧರ್ಮ. ಆಚಾರ್ಯರೂ ಅದನ್ನೇ ಮಾಡಿದ್ದಾರೆ. ಕಣ್ಣಿಗೆ ಕಾಣದ ಪರಮಾಣುವಿನಿಂದ ಹೊರಟು, ಕಣ್ಣಿಗೆ ಮುಗಿಯದ ಲೋಕದವರೆಗೆ ಮೆಟ್ಟಿಲು ಕಟ್ಟಿದ್ದಾರೆ. ಆ ಮೆಟ್ಟಿಲುಗಳನ್ನು ಒಂದೊಂದಾಗಿ ಹತ್ತಿ ನೋಡದೆ ನೇರವಾಗಿ ಕಿಲೋಮೀಟರಿಗೆ ಹಾರುವುದರಲ್ಲಿ ತೊಡಕಿದೆ.

ಯತಿವೃಷಭಾಚಾರ್ಯರ 'ತಿಲೋಯಪಣ್ಣತ್ತಿ'ಯ ಕ್ರಮವನ್ನು ನೋಡಬಹುದು. ಅನಂತಾನಂತ ಪರಮಾಣುಗಳು ಕೂಡಿ ಒಂದು ಅವಸನ್ನಾಸನ್ನ ಸ್ಕಂಧವಾಗುತ್ತದೆ. ಅಲ್ಲಿಂದ ಮುಂದೆ ಎಲ್ಲವೂ ಎಂಟರ ಲೆಕ್ಕ. ಎಂಟು ಅವಸನ್ನಾಸನ್ನಕ್ಕೆ ಒಂದು ಸನ್ನಾಸನ್ನ. ಅದರ ಎಂಟರಷ್ಟು ತ್ರುಟಿರೇಣು. ಬಳಿಕ ತ್ರಸರೇಣು, ರಥರೇಣು. ರಥರೇಣು ಎಂದರೆ ತೇರು ಹರಿದಾಗ ಏಳುವ ಧೂಳಿನ ಕಣ. ಆಮೇಲೆ ಕೂದಲ ತುದಿ, ಅದೂ ನಾಲ್ಕು ಬಗೆಯದು: ಉತ್ತಮ, ಮಧ್ಯಮ, ಜಘನ್ಯ ಭೋಗಭೂಮಿಗಳ ಮಾನವರ ಬಾಲಾಗ್ರ ಹಾಗೂ ಕರ್ಮಭೂಮಿಯವರ ಬಾಲಾಗ್ರ. ಸುಖ ಕಡಿಮೆಯಾದಂತೆ ಕೂದಲು ದಪ್ಪವಾಗುತ್ತ ಬರುತ್ತದೆ! ಅದರ ಮೇಲೆ ಲಿಕ್ಷಾ, ಅಂದರೆ ಸೀರು; ಯೂಕ, ಅಂದರೆ ಹೇನು; ಯವ, ಅಂದರೆ ಜವೆಯ ಕಾಳು. ಎಂಟು ಜವೆಗೆ ಒಂದು ಅಂಗುಲ. ಲೋಕವನ್ನು ಅಳೆಯಲು ಹೊರಟ ಮಹಾಮುನಿಗಳು ಹೇನು ಸೀರುಗಳನ್ನು ಕೈಬಿಡಲಿಲ್ಲ ಎಂಬುದು ಗಮನಿಸತಕ್ಕ ಸಂಗತಿ. ಅಳತೆಗೆ ಬರುವಷ್ಟು ಕಿರಿದಾದ ಜೀವವೂ ಅವರ ಲೆಕ್ಕದಲ್ಲಿ ಜೀವವೇ ಆಗಿತ್ತು.

ಅಂಗುಲದಿಂದ ಮೇಲೆ ಲೆಕ್ಕ ಕನ್ನಡಿಗರ ಮನೆಯಂಗಳಕ್ಕೆ ಬರುತ್ತದೆ. 6 ಅಂಗುಲಕ್ಕೆ ಪಾದ, 2 ಪಾದಕ್ಕೆ ವಿತಸ್ತಿ, 2 ವಿತಸ್ತಿಗೆ ಹಸ್ತ, 2 ಹಸ್ತಕ್ಕೆ ರಿಕ್ಕು, 2 ರಿಕ್ಕುವಿಗೆ ದಂಡ ಅಥವಾ ಧನುಸ್ಸು. ವಿತಸ್ತಿಯನ್ನು ಗೇಣೆಂದೂ ಹಸ್ತವನ್ನು ಮೊಳವೆಂದೂ ನಾಲ್ಕು ಮೊಳದ ದಂಡವನ್ನು ಮಾರೆಂದೂ ಓದಿಕೊಂಡರೆ ಅಜ್ಜಿಯರಿಗೂ ಅರ್ಥವಾಗುತ್ತದೆ. 2000 ದಂಡಕ್ಕೆ ಒಂದು ಕ್ರೋಶ, 4 ಕ್ರೋಶಕ್ಕೆ ಒಂದು ಯೋಜನ. ಒಂದು ಯೋಜನದಲ್ಲಿ 8000 ಮಾರು, 7,68,000 ಅಂಗುಲ. ಇತ್ತ ಕೆಳಗಿಳಿದರೆ ಒಂದು ಅಂಗುಲದಲ್ಲಿ ಎಂಟನ್ನು ಎಂಟರಿಂದ ಹನ್ನೆರಡು ಬಾರಿ ಗುಣಿಸಿದಷ್ಟು, ಎಂದರೆ 68,71,94,76,736 ಅವಸನ್ನಾಸನ್ನಗಳು.

ಇಲ್ಲಿ ಅಂಗುಲವೊಂದೇ ಅಲ್ಲ, ಮೂರು ಎಂಬುದನ್ನು ಮರೆತವರೇ 8 ಮೈಲಿ ಮತ್ತು 4000 ಮೈಲಿಗಳ ಜಗಳಕ್ಕೆ ಬೀಳುತ್ತಾರೆ. ಜವೆಯಿಂದ ಅಳೆದದ್ದು ಉತ್ಸೇಧಾಂಗುಲ. ಅದರ 500 ಪಟ್ಟು ಪ್ರಮಾಣಾಂಗುಲ; ಈ ಅವಸರ್ಪಿಣಿಯ ಮೊದಲ ಚಕ್ರವರ್ತಿ ಭರತನ ಬೆರಳಿನ ಅಳತೆ ಅದು ಎನ್ನುತ್ತಾರೆ. ಮೂರನೆಯದು ಆತ್ಮಾಂಗುಲ, ಆಯಾ ಕಾಲದ ಮನುಷ್ಯರ ಸ್ವಂತ ಬೆರಳು. ದೇವ, ಮನುಷ್ಯ, ತಿರ್ಯಂಚ, ನಾರಕಿಗಳ ದೇಹದ ಎತ್ತರಕ್ಕೆ ಮೊದಲನೆಯದು. ದ್ವೀಪ, ಸಮುದ್ರ, ಪರ್ವತ, ನದಿಗಳಿಗೆ ಎರಡನೆಯದು. ಕಲಶ, ಕನ್ನಡಿ, ಹಾಸಿಗೆ, ನೇಗಿಲು, ಮನೆ, ತೋಟಗಳಿಗೆ ಮೂರನೆಯದು. ಬಸದಿಯ ಮುಂದೆ ಕೂತ ಹೂವಾಡಗಿತ್ತಿಯನ್ನು ನೋಡಿದರೆ ಆತ್ಮಾಂಗುಲಕ್ಕೆ ಬೇರೆ ವ್ಯಾಖ್ಯಾನ ಬೇಕಾಗದು. ಅವಳ ಮೊಳ ಅವಳ ಮೊಳಕೈಯಿಂದ ಬೆರಳ ತುದಿಯವರೆಗೆ. ಜಾಣ ಗಿರಾಕಿ ಉದ್ದ ತೋಳಿನವಳ ಬುಟ್ಟಿಯ ಮುಂದೆಯೇ ನಿಲ್ಲುತ್ತಾನೆ.

ಮೊಳವನ್ನು ಸುಮಾರು ಒಂದೂವರೆ ಅಡಿ ಎಂದು ಹಿಡಿದರೆ ದಂಡ 6 ಅಡಿ. ಸಣ್ಣ ಯೋಜನ ಸುಮಾರು 9 ಮೈಲಿ, ಹದಿನಾಲ್ಕೂವರೆ ಕಿಲೋಮೀಟರು. ದೊಡ್ಡ ಯೋಜನ ಅದರ 500 ಪಟ್ಟು, 7300 ಕಿಲೋಮೀಟರಿಗೆ ಹತ್ತಿರ. ಜಂಬೂದ್ವೀಪವನ್ನು ಅಳೆಯಬೇಕಾದದ್ದು ದೊಡ್ಡದರಿಂದ. ಆಗ ವ್ಯಾಸ 73 ಕೋಟಿ ಕಿಲೋಮೀಟರು. ಭೂಮಿಯ ವ್ಯಾಸ 12,742 ಕಿಲೋಮೀಟರು; ಸೂರ್ಯನಿಗೂ ಭೂಮಿಗೂ ಇರುವ ದೂರ 15 ಕೋಟಿ. ಹುಡುಗನಿಗೆ ಈ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಹಲಗೆಯ ಮೇಲೆ ಬರೆದು ತೋರಿಸಬೇಕು. ಜಂಬೂದ್ವೀಪವನ್ನು ಶಾಲೆಯ ಅಟ್ಲಾಸಿನಲ್ಲಿ ಹುಡುಕಬಾರದು, ಹುಡುಕಿದರೆ ಸಿಕ್ಕದು. ಸಿಕ್ಕಿತೆಂದು ತೋರಿಸುವವರು ಯೋಜನವನ್ನು ತಮ್ಮ ಅನುಕೂಲಕ್ಕೆ ಹಿಗ್ಗಿಸಿಯೋ ಕುಗ್ಗಿಸಿಯೋ ಇರುತ್ತಾರೆ.

ಕಿರಿದರ ಕಡೆಯೂ ಇದೇ ಎಚ್ಚರ ಬೇಕು. ಮೇಲಿನ ಲೆಕ್ಕದಲ್ಲಿ ಅಂಗುಲ 1.9 ಸೆಂಟಿಮೀಟರು, ಜವೆ 2.4 ಮಿಲಿಮೀಟರು, ಕಾಳಿಗೆ ಒಪ್ಪುವ ಅಳತೆ. ಹೇನು ಮಾತ್ರ 0.3 ಮಿಲಿಮೀಟರಿಗೆ ಇಳಿಯುತ್ತದೆ. ತಲೆಯಲ್ಲಿ ಸಿಗುವ ಬಲಿತ ಹೇನು ಎರಡು ಮೂರು ಮಿಲಿಮೀಟರು ಉದ್ದವಿರುತ್ತದೆ. ಅವಸನ್ನಾಸನ್ನವಂತೂ ಜಲಜನಕದ ಅಣುವಿಗಿಂತಲೂ ನೂರಾರು ಪಟ್ಟು ಕಿರಿದಾಗುತ್ತದೆ. ಇದನ್ನೇ ಹಿಡಿದು, ಆಧುನಿಕ ಭೌತಶಾಸ್ತ್ರವನ್ನು ಹಿಂದಿಕ್ಕಿದೆವು ಎಂದು ಮೊಬೈಲಿನಲ್ಲಿ ಸಂದೇಶ ಹರಡುವವರಿದ್ದಾರೆ. ಪ್ರಯೋಗಶಾಲೆ ಹೇಳುವ ಪರಮಾಣುವಿಗೆ ಒಳಗೆ ಭಾಗಗಳಿವೆ. ಆಗಮದ ಪರಮಾಣುವಿಗೆ ಆದಿ, ಮಧ್ಯ, ಅಂತ್ಯಗಳಿಲ್ಲ. ಭಾಗವೇ ಇಲ್ಲದ್ದು ಅದು. ಹೆಸರು ಒಂದೇ ಆದ ಮಾತ್ರಕ್ಕೆ ವಸ್ತು ಒಂದೇ ಆಗದು. ಎಂಟೆಂಟರ ಆ ಮೆಟ್ಟಿಲು ಸೂಕ್ಷ್ಮದರ್ಶಕದಿಂದ ಅಳೆದು ಬರೆದ ಪಟ್ಟಿಯಲ್ಲ. ಸ್ಥೂಲಕ್ಕೆ ಒಗ್ಗಿದ ಮನಸ್ಸನ್ನು ಹಿಡಿದಿಳಿಸಿ, ಇನ್ನೂ ಕೆಳಗಿದೆ, ಇನ್ನೂ ಕೆಳಗಿದೆ ಎಂದು ತೋರಿಸುವ ದಾರಿ.

ಹಾಗೆಂದು ಆಚಾರ್ಯರು ಲೆಕ್ಕದಲ್ಲಿ ಉದಾಸೀನರಾಗಿದ್ದರು ಎಂದರೆ ಅದಕ್ಕಿಂತ ದೊಡ್ಡ ಅನ್ಯಾಯವಿಲ್ಲ. ಜಂಬೂದ್ವೀಪದ ಪರಿಧಿಯನ್ನು ಅವರು ಹೇಗೆ ಕಂಡುಹಿಡಿದರು ಎಂಬುದನ್ನು ಗಣಿತ ಬಲ್ಲ ಪ್ರತಿಯೊಬ್ಬ ಶ್ರಾವಕನೂ ಒಮ್ಮೆ ಕಾಗದ ಲೇಖನಿ ಹಿಡಿದು ಮಾಡಿ ನೋಡಬೇಕು. ವ್ಯಾಸದ ವರ್ಗವನ್ನು 10ರಿಂದ ಗುಣಿಸಿ ವರ್ಗಮೂಲ ತೆಗೆಯುವುದು ವಿಧಾನ. ಪೂರ್ಣಾಂಕ 3,16,227 ಯೋಜನ ಬರುತ್ತದೆ, 4,84,471 ಶೇಷ ಉಳಿಯುತ್ತದೆ. ಬಹುಪಾಲು ಜನ ಇಲ್ಲಿ ಲೇಖನಿ ಕೆಳಗಿಡುತ್ತಾರೆ. ಆಚಾರ್ಯರು ಇಡಲಿಲ್ಲ. ಶೇಷವನ್ನು ಮೂಲದ ಇಮ್ಮಡಿಯಾದ 6,32,454ರಿಂದ ಭಾಗಿಸುತ್ತ ಕ್ರೋಶಕ್ಕೆ ಇಳಿದರು: 3 ಕ್ರೋಶ. ಮತ್ತೂ ಉಳಿಯಿತು: 128 ದಂಡ. ಮತ್ತೂ ಉಳಿಯಿತು. ರಿಕ್ಕು ಇಲ್ಲ, ಹಸ್ತ ಇಲ್ಲ, 1 ವಿತಸ್ತಿ, ಪಾದ ಇಲ್ಲ, 1 ಅಂಗುಲ. 5 ಜವೆ, 1 ಹೇನು, 1 ಸೀರು, ಕರ್ಮಭೂಮಿಯ 6 ಬಾಲಾಗ್ರ, ಜಘನ್ಯ ಭೋಗಭೂಮಿಯದು ಇಲ್ಲ, ಮಧ್ಯಮದ್ದು 7, ಉತ್ತಮದ್ದು 5. 1 ರಥರೇಣು, 3 ತ್ರಸರೇಣು, ತ್ರುಟಿರೇಣು ಇಲ್ಲ, 2 ಸನ್ನಾಸನ್ನ, 3 ಅವಸನ್ನಾಸನ್ನ. ಇಷ್ಟಾದ ಮೇಲೂ ಒಂದು ಅವಸನ್ನಾಸನ್ನದ 1,05,409 ಭಾಗಗಳಲ್ಲಿ 23,213 ಭಾಗ ಉಳಿಯಿತು. ಅದನ್ನೂ ಬಿಡದೆ, ಅಷ್ಟರಲ್ಲಿ ಅನಂತಾನಂತ ಪರಮಾಣುಗಳಿವೆ ಎಂದು ಬರೆದಿಟ್ಟರು. ಗುಣಾಕಾರ ಭಾಗಾಕಾರ ಬಲ್ಲ ಯಾರೇ ಇಂದು ಮಾಡಿದರೂ ಒಂದು ಅಂಕಿಯೂ ತಪ್ಪದೆ ಹೊಂದುತ್ತದೆ.

ಇದನ್ನು ಕಂಡು ತಲೆದೂಗುವವರಿಗೆ ಇನ್ನೊಂದು ಮಾತನ್ನೂ ಹೇಳಬೇಕಾಗುತ್ತದೆ. ವ್ಯಾಸಕ್ಕೂ ಪರಿಧಿಗೂ ಇರುವ ಸಂಬಂಧವನ್ನು 10ರ ವರ್ಗಮೂಲವೆಂದು ಹಿಡಿದದ್ದು ಸ್ಥೂಲ ಲೆಕ್ಕ. ಸೂಕ್ಷ್ಮವಾಗಿ ಮಾಡಿದರೆ ಪರಿಧಿ 3,14,159 ಯೋಜನಗಳಷ್ಟಾಗುತ್ತದೆ; 2000 ಯೋಜನಕ್ಕೂ ಮಿಕ್ಕಿದ ಅಂತರ. ಅತ್ತ 2000 ಯೋಜನ ಹೆಚ್ಚಿಗೆ ಬಂದಿದ್ದರೆ ಇತ್ತ ಸೀರಿನ ಲೆಕ್ಕ ಏತಕ್ಕೆ ಎಂದು ಹುಡುಗ ಕೇಳಿದರೆ ಅವನನ್ನು ಗದರಿಸಬಾರದು. ಈ ಸಂಬಂಧವನ್ನು ಇನ್ನೂ ಹತ್ತಿರದಿಂದ ಹಿಡಿದ ಕ್ರಮವೂ ಪರಂಪರೆಯಲ್ಲಿಯೇ ಇದೆ. ಮೂಡುಬಿದಿರೆಯ ಬಸದಿಯಲ್ಲಿ ತಾಳೆಗರಿಗಳ ಮೇಲೆ ಉಳಿದುಬಂದ ವೀರಸೇನಾಚಾರ್ಯರ 'ಧವಲಾ' ಟೀಕೆಯಲ್ಲಿ ಬರುವ ಸೂತ್ರವನ್ನು, ವ್ಯಾಸದ ಮೂರರಷ್ಟಕ್ಕೆ ವ್ಯಾಸದ 113ರಲ್ಲಿ 16 ಭಾಗವನ್ನು ಕೂಡಿಸುವುದೆಂದು ವಿದ್ವಾಂಸರು ಅರ್ಥೈಸುತ್ತಾರೆ. ಆರು ದಶಮಾಂಶ ಸ್ಥಾನಗಳವರೆಗೆ ಅದು ಇಂದಿನ ಬೆಲೆಗೆ ಹೊಂದುತ್ತದೆ. ಎರಡೂ ಕ್ರಮಗಳು ಅಕ್ಕಪಕ್ಕ ಉಳಿದು ಬಂದವು. ಒಂದನ್ನು ಮುಚ್ಚಿಡಲು ಇನ್ನೊಂದನ್ನು ಯಾರೂ ಸುಡಲಿಲ್ಲ.

ಸೀರಿನವರೆಗೆ ಇಳಿದ ಆ ಶ್ರಮಕ್ಕೆ ಬೇರೆ ಅರ್ಥವಿದೆ. ಹಿಡಿದ ಸೂತ್ರ ಎಷ್ಟು ಶೇಷವನ್ನು ಕೊಟ್ಟಿತೋ ಅಷ್ಟನ್ನೂ ಒಪ್ಪಿಸುವುದು, ಸಣ್ಣದೆಂದು ಮಡಿಲಿಗೆ ಹಾಕಿಕೊಳ್ಳದಿರುವುದು. ಲೆಕ್ಕದಲ್ಲಿ ಪಾಲಿಸಿದ ಸತ್ಯವ್ರತ ಅದು. 'ತತ್ತ್ವಾರ್ಥಸೂತ್ರ'ದಲ್ಲಿ ಉಮಾಸ್ವಾಮಿಗಳು ಅಚೌರ್ಯ ಅಣುವ್ರತದ ಅತಿಚಾರಗಳನ್ನು ಹೇಳುವಾಗ ಹೀನಾಧಿಕ ಮಾನೋನ್ಮಾನವನ್ನು ಸೇರಿಸಿದ್ದಾರೆ. ಕೊಡುವಾಗ ಕಿರಿದಾದ, ಕೊಳ್ಳುವಾಗ ಹಿರಿದಾದ ಅಳತೆಯನ್ನು ಬಳಸುವುದು ಕಳ್ಳತನದ ನೆರಳೇ. ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ಬರೆದ 'ಗಣಿತಸಾರಸಂಗ್ರಹ'ವೂ ಪರಮಾಣುವಿನಿಂದ ಅಳತೆಯನ್ನು ಆರಂಭಿಸಿ ಅಂಗುಲ, ಯೋಜನಗಳನ್ನು ದಾಟಿ, ಬಡ್ಡಿ, ಚಿನ್ನ, ಅಗೆದ ಗುಂಡಿಗಳ ಲೆಕ್ಕಕ್ಕೆ ಬರುತ್ತದೆ. ಪರಮಾಣುವನ್ನು ಓದಿದವನೇ ಅಂಗಡಿಯಲ್ಲಿ ಕೂತು ಬಟ್ಟೆ ಅಳೆಯಬೇಕಾಗಿತ್ತು.

ಹಿರಿದನ್ನು ಕಿರಿದಕ್ಕೆ ಇಳಿಸಿದ ಬಹುದೊಡ್ಡ ಉದಾಹರಣೆಯೊಂದು ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಂತಿದೆ. ಬಾಹುಬಲಿಯ ಎತ್ತರ 525 ಧನುಸ್ಸು. ಬೊಪ್ಪಣ ಪಂಡಿತನ ಕನ್ನಡ ಶಾಸನ ಹೇಳುವಂತೆ ಭರತ ಚಕ್ರವರ್ತಿ ಪೌದನಪುರದಲ್ಲಿ ಅಷ್ಟೇ ಎತ್ತರದ ಪ್ರತಿಮೆಯನ್ನು ಮಾಡಿಸಿದ್ದ; ಕಾಲಾಂತರದಲ್ಲಿ ಕುಕ್ಕುಟಸರ್ಪಗಳು ತುಂಬಿ ಅದು ಕಾಣದಾಯಿತು. ಚಾವುಂಡರಾಯ ನೋಡಲು ಹೊರಟಾಗ, ಅದು ದೂರ, ಹೋಗಲಾಗದು ಎಂದರು. ಆಗ ಇಲ್ಲಿಯೇ ಒಂದನ್ನು ಮಾಡಿಸಿದ. 525 ಧನುಸ್ಸೆಂದರೆ 2100 ಮೊಳ, 3000 ಅಡಿಗೂ ಮೇಲೆ. ಬೆಟ್ಟದ ಮೇಲೆ ನಿಂತಿರುವುದು 58 ಅಡಿ, ಹತ್ತು ಮಾರಿಗೂ ಕಡಿಮೆ. ಚಾವುಂಡರಾಯನಿಗೆ ಲೆಕ್ಕ ಬಾರದೆ ಹೀಗಾಯಿತೆಂದು ಯಾರು ಹೇಳಿಯಾರು? 'ತ್ರಿಲೋಕಸಾರ' ಬರೆದ ನೇಮಿಚಂದ್ರ ಸಿದ್ಧಾಂತ ಚಕ್ರವರ್ತಿಗಳೇ ಅವನ ಗುರುಗಳು. ಅಂಗುಲ, ಧನುಸ್ಸು, ರಜ್ಜುಗಳನ್ನು ಅವರಿಗಿಂತ ಬಲ್ಲವರು ಆ ಕಾಲದಲ್ಲಿ ಇರಲಾರರು. ಕಡಿಯಲಾಗದ ಎತ್ತರವನ್ನು ಬಿಟ್ಟು, ಆ ನಿಲುವನ್ನು, ಆ ಬಳ್ಳಿಯನ್ನು, ಆ ಮೊಗವನ್ನು ಸಿಕ್ಕ ಕಲ್ಲಿನಷ್ಟಕ್ಕೆ ಇಳಿಸಿದರು. ಮೆಟ್ಟಿಲು ಹತ್ತಿ ಬಂದ ಯಾತ್ರಿಕನಿಗೆ 3000 ಅಡಿ ಕಡಿಮೆ ಎಂದು ತೋರುವುದಿಲ್ಲ. ತಲೆ ಎತ್ತಿದವನು ಹಾಗೆಯೇ ನಿಂತುಬಿಡುತ್ತಾನೆ.

ಯೋಜನವಾದರೂ ಕೊನೆಗೆ ಎಣಿಕೆಗೆ ಸಿಗುತ್ತದೆ. ಜಂಬೂದ್ವೀಪವನ್ನು ಸುತ್ತಿದ ಲವಣಸಮುದ್ರ 2 ಲಕ್ಷ ಯೋಜನ ಅಗಲ, ಧಾತಕೀಖಂಡ 4 ಲಕ್ಷ, ಕಾಲೋದಧಿ 8 ಲಕ್ಷ. ಪುಷ್ಕರದ್ವೀಪದ ಅರ್ಧವನ್ನು ಸೇರಿಸಿದರೆ ಮನುಷ್ಯಲೋಕದ ವ್ಯಾಸ 45 ಲಕ್ಷ. ಅಲ್ಲಿಂದಾಚೆ ಇಮ್ಮಡಿ ಇಮ್ಮಡಿಯಾಗಿ ಅಸಂಖ್ಯಾತ ದ್ವೀಪಸಮುದ್ರಗಳು. ಅವೆಲ್ಲ ಸೇರಿ 1 ರಜ್ಜು. ಲೋಕದ ಎತ್ತರ 14 ರಜ್ಜು. ರಜ್ಜುವಿಗೆ ಇಷ್ಟು ಯೋಜನ ಎಂದು ಬರೆಯಹೊರಟವರು ಅಸಂಖ್ಯಾತ ಎಂಬ ಮಾತನ್ನು ಓದಿಲ್ಲವೆಂದೇ ತಿಳಿಯಬೇಕು. ಪರಿವರ್ತನೆಯ ಪಟ್ಟಿ ಅಲ್ಲಿ ನಿಲ್ಲುತ್ತದೆ. ಲೋಕಾನುಪ್ರೇಕ್ಷೆ ಅಲ್ಲಿಂದ ಆರಂಭವಾಗುತ್ತದೆ.

ಆ ಅನುಪ್ರೇಕ್ಷೆಯಲ್ಲಿ ಕಾಣುವುದು ಜೀವದ ಅಳತೆ. ಸೂಕ್ಷ್ಮ ನಿಗೋದದ ಜೀವಕ್ಕೆ ಸಿಕ್ಕ ದೇಹ ಘನಾಂಗುಲದ ಅಸಂಖ್ಯಾತದ ಒಂದು ಭಾಗ. ಸ್ವಯಂಭೂರಮಣ ಸಮುದ್ರದ ಮಹಾಮತ್ಸ್ಯದ ಉದ್ದ 1000 ಯೋಜನ. ಎರಡರಲ್ಲಿಯೂ ಇರುವ ಜೀವದ ಪ್ರದೇಶಗಳು ಅಷ್ಟಕ್ಕಷ್ಟೇ, ಲೋಕಾಕಾಶದ ಪ್ರದೇಶಗಳಷ್ಟು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ. ದೀಪವನ್ನು ಗಡಿಗೆಯೊಳಗಿಟ್ಟರೆ ಬೆಳಕು ಗಡಿಗೆಯಷ್ಟು, ಕೋಣೆಯಲ್ಲಿಟ್ಟರೆ ಕೋಣೆಯಷ್ಟು. ಕೇವಲಿಯು ಸಮುದ್ಘಾತದಲ್ಲಿ ದಂಡ, ಕಪಾಟ, ಪ್ರತರವಾಗಿ ಹರಡಿ ನಾಲ್ಕನೆಯ ಸಮಯದಲ್ಲಿ ಇಡೀ ಲೋಕವನ್ನು ತುಂಬಿ, ಎಂಟನೆಯ ಸಮಯಕ್ಕೆ ಮರಳಿ ತನ್ನ ದೇಹದಷ್ಟಾಗುತ್ತಾನೆ. 14 ರಜ್ಜುವನ್ನು ಕೆಲವು ಮೊಳಕ್ಕೆ ಇಳಿಸಿದ ಈ ಲೆಕ್ಕದಲ್ಲಿ ಶೇಷವೇ ಉಳಿಯುವುದಿಲ್ಲ. ಕಾಲಬುಡದ ಇರುವೆಯನ್ನು ಚಿಕ್ಕದೆಂದು ತುಳಿದವನು ಅಳತೆ ಮಾಡಿದ್ದು ಗಡಿಗೆಯನ್ನು, ದೀಪವನ್ನಲ್ಲ.

ಆದ್ದರಿಂದಲೇ ಲೋಕವನ್ನು ರಜ್ಜುವಿನಲ್ಲಿ ಬಲ್ಲ ಮುನಿ ನಡೆಯುವುದು ದಂಡದ ಲೆಕ್ಕದಲ್ಲಿ. ಈರ್ಯಾಸಮಿತಿಯಲ್ಲಿ ಕಣ್ಣು ನೆಡಬೇಕಾದದ್ದು ಮುಂದಿನ ನಾಲ್ಕು ಮೊಳ ನೆಲದ ಮೇಲೆ, ಒಂದು ಮಾರಿನ ಮೇಲೆ. ಯೋಜನದ 8000ದಲ್ಲಿ ಒಂದು ಭಾಗ. ಅದನ್ನು ದಾಟಿದ ಮೇಲೆ ಮತ್ತೊಂದು ಮಾರು. ವಿಹಾರದಲ್ಲಿರುವ ಮುನಿಸಂಘವನ್ನು ಹೆದ್ದಾರಿಯಲ್ಲಿ ಕಂಡವರು, ಇಷ್ಟು ದೂರವನ್ನು ಬರಿಗಾಲಲ್ಲಿ ಹೇಗೆ ಕ್ರಮಿಸುತ್ತಾರೆ ಎಂದು ಬೆರಗಾಗುತ್ತಾರೆ. ಅವರು ದೂರವನ್ನು ಕ್ರಮಿಸುತ್ತಿರುವುದಿಲ್ಲ. ಒಂದು ಮಾರನ್ನು ಕ್ರಮಿಸುತ್ತಿರುತ್ತಾರೆ.

ಗೃಹಸ್ಥನಿಗೂ ಇಂಥದೊಂದು ಇಳಿಕೆಯನ್ನು ಹೇಳಿದೆ. ಸಮಂತಭದ್ರಾಚಾರ್ಯರ 'ರತ್ನಕರಂಡಕ ಶ್ರಾವಕಾಚಾರ'ದಂತೆ ದಿಗ್ವ್ರತಕ್ಕೆ ಸಮುದ್ರ, ನದಿ, ಕಾಡು, ಬೆಟ್ಟ, ದೇಶ, ಯೋಜನಗಳು ಎಲ್ಲೆ; ಬದುಕಿರುವವರೆಗೆ ಅದರಾಚೆ ಹೋಗೆನೆಂಬ ನೇಮ. ದೇಶಾವಕಾಶಿಕದಲ್ಲಿ ಆ ಎಲ್ಲೆಯನ್ನು ದಿನದಿನವೂ ಮನೆಗೆ, ಊರಿಗೆ, ಹೊಲಕ್ಕೆ ಇಳಿಸಿಕೊಳ್ಳಬೇಕು. ಚಾತುರ್ಮಾಸದಲ್ಲಿ ಎಷ್ಟೋ ಮನೆಗಳ ಹಿರಿಯ ಹೆಂಗಸರು ಯಾರಿಗೂ ತಿಳಿಯದಂತೆ ಇದನ್ನು ಪಾಲಿಸುತ್ತಾರೆ: ಇಂದು ಮನೆಯಿಂದ ಬಸದಿ, ಬಸದಿಯಿಂದ ಮನೆ, ಹಾದಿಯಲ್ಲಿ ತರಕಾರಿ ಅಂಗಡಿಯವರೆಗೆ. ಅವರಿಗೆ ಯೋಜನಕ್ಕೆ ಎಷ್ಟು ಕಿಲೋಮೀಟರೆಂದು ಗೊತ್ತಿರಲಿಕ್ಕಿಲ್ಲ.

ಅಳತೆಯನ್ನು ಕುರಿತು ನಿಜಕ್ಕೂ ಚರ್ಚೆಯಾಗಬೇಕಾದ ಪ್ರಶ್ನೆ ಇಲ್ಲಿದೆ, ಅದನ್ನು ಮಾತ್ರ ಯಾವ ಗೋಷ್ಠಿಯೂ ಎತ್ತುವುದಿಲ್ಲ. ದಿಗ್ವ್ರತಕ್ಕೆ ಕ್ಷೇತ್ರವೃದ್ಧಿ ಒಂದು ಅತಿಚಾರ; ಮೂಡಣದಲ್ಲಿ ಉಳಿಸಿದ ಯೋಜನವನ್ನು ಪಡುವಣಕ್ಕೆ ಸೇರಿಸಿಕೊಳ್ಳುವ ಜಾಣತನ ಅದು. ಎಲ್ಲೆಯನ್ನೇ ಮರೆಯುವುದು ಇನ್ನೊಂದು. ದೇಶವ್ರತದ ಐದು ಅತಿಚಾರಗಳಂತೂ ಇಂದಿಗೆಂದೇ ಬರೆದಂತಿವೆ. ಎಲ್ಲೆಯಾಚೆಯಿಂದ ವಸ್ತುವನ್ನು ತರಿಸುವುದು ಆನಯನ. ತಾನು ಹೋಗದೆ ಆಳನ್ನು ಕಳಿಸುವುದು ಪ್ರೇಷ್ಯಪ್ರಯೋಗ. ದನಿಯಿಂದ ಆಚೆಯವರನ್ನು ಎಚ್ಚರಿಸುವುದು ಶಬ್ದಾನುಪಾತ. ಮುಖ ತೋರಿಸಿ ಸೂಚನೆ ಕೊಡುವುದು ರೂಪಾನುಪಾತ. ಕಲ್ಲು ಮಣ್ಣು ಎಸೆದು ಕರೆಯುವುದು ಪುದ್ಗಲಕ್ಷೇಪ. ಇಂದು ದೇಶಾವಕಾಶಿಕ ಹಿಡಿದು ಮನೆಯ ಹೊಸ್ತಿಲು ದಾಟದೆ ಕುಳಿತ ಶ್ರಾವಕನ ಅಂಗೈಯಲ್ಲಿ ಮೊಬೈಲಿದೆ. ಅಂಗಡಿಯ ವ್ಯವಹಾರ ಅದರಲ್ಲಿಯೇ ನಡೆಯುತ್ತದೆ, ದೂರದ ಊರಿನ ಗೋದಾಮಿನಿಂದ ಪೊಟ್ಟಣ ಬಾಗಿಲಿಗೆ ಬರುತ್ತದೆ, ಬೇರೆ ಖಂಡದಲ್ಲಿರುವ ಮಗನ ಮುಖ ಪರದೆಯ ಮೇಲೆ ಮೂಡುತ್ತದೆ. ಕಾಲು ಒಂದು ಗೇಣು ಕದಲಿರುವುದಿಲ್ಲ.

ಮಗನ ಮುಖ ನೋಡಿದ್ದು ರೂಪಾನುಪಾತವೇ, ಅಲ್ಲವೇ? ಪೊಟ್ಟಣ ತಂದ ಹುಡುಗ ಮಳೆಯಲ್ಲಿ ಬೈಕಿನಲ್ಲಿ ಬಂದ ದೂರವನ್ನು ಯಾರ ವ್ರತದ ಲೆಕ್ಕಕ್ಕೆ ಬರೆಯಬೇಕು? ವ್ರತ ತೆಗೆದುಕೊಳ್ಳುವಾಗಲೇ ಫೋನನ್ನು ಎಲ್ಲೆಯ ಒಳಗೆ ಇಡಬೇಕೋ ಹೊರಗೆ ಇಡಬೇಕೋ ಎಂದು ಹೇಳಿ ಸಂಕಲ್ಪ ಮಾಡಬೇಕಾಗುತ್ತದೆ. ಸಂಕಲ್ಪದಲ್ಲಿ ಹೇಳದೆ ಬಿಟ್ಟದ್ದನ್ನು ಆಮೇಲೆ ಒಳಗೆ ಸೇರಿಸಿಕೊಂಡರೆ ಅದು ಕ್ಷೇತ್ರವೃದ್ಧಿಯೇ. ಹಿಂದಿನ ಸಾಲಿನ ಹುಡುಗ ಕಿಲೋಮೀಟರನ್ನು ಕೇಳಿದ ದಿನ, ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸಿದ ಬಳಿಕ, ಅವನನ್ನು ಈ ಪ್ರಶ್ನೆ ಕೇಳಿ ನೋಡಬಹುದು. ಫೋನಿನ ಬಗೆಗೆ ಹಿರಿಯರಿಗಿಂತ ಅವನೇ ಹೆಚ್ಚು ಬಲ್ಲ.